ಎತ್ತರದ ಕಾರು, ಉದ್ದದ ಚೀಟಿ

ಕಾರು ಕೊಳ್ಳಲು ಹೊರಟ ಮಧ್ಯಮವರ್ಗದ ಮನೆಯಲ್ಲಿ ಈಗ ಸಣ್ಣ ಹ್ಯಾಚ್‌ಬ್ಯಾಕ್‌ನ ಮಾತು ಮೊದಲಿನಷ್ಟು ಕೇಳಿಸುವುದಿಲ್ಲ. 2024–25ರ ಹಣಕಾಸು ವರ್ಷದಲ್ಲಿ ದೇಶದಲ್ಲಿ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳು ಮಾರಾಟವಾದವು. ಅವುಗಳಲ್ಲಿ ಶೇ 65ರಷ್ಟು ಯುಟಿಲಿಟಿ ವಾಹನಗಳು, ಅಂದರೆ ಜನ ಎಸ್‌ಯುವಿ, ಎಂಯುವಿ ಎಂದು ಕರೆಯುವಂಥವು. ದಶಕಗಳ ಕಾಲ ಮಾರುತಿಯ ಕೈಯಲ್ಲೇ ಇದ್ದ ‘ಅತಿ ಹೆಚ್ಚು ಮಾರಾಟವಾದ ಕಾರು’ ಎಂಬ ಸ್ಥಾನ 2024ರಲ್ಲಿ ಟಾಟಾ ಪಂಚ್‌ಗೆ ಹೋಯಿತು. ಅದೂ ಎತ್ತರದ ಕಾರೇ.

ಹೀಗೆ ಎಸ್‌ಯುವಿ ಎನಿಸಿಕೊಂಡವುಗಳಲ್ಲಿ ಬಹುಪಾಲು ಕ್ರಾಸ್‌ಓವರ್‌ಗಳು. ಸ್ಕಾರ್ಪಿಯೊ-ಎನ್, ಫಾರ್ಚೂನರ್‌ಗಳಲ್ಲಿ ಲಾರಿಗಳಲ್ಲಿರುವಂತೆ ಪ್ರತ್ಯೇಕ ಚಾಸಿಯ ಮೇಲೆ ಬಾಡಿ ಕೂರಿಸಿರುತ್ತಾರೆ. ಕ್ರೆಟಾ, ನೆಕ್ಸಾನ್, ಬ್ರೆಝಾ, ವೆನ್ಯೂ, ಸೋನೆಟ್‌ಗಳಲ್ಲಿ ಹಾಗಿಲ್ಲ. ಬಾಡಿಯೂ ಚಾಸಿಯೂ ಒಂದೇ, ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. 2023ರಲ್ಲಿ ಬಂದ ಫ್ರಾಂಕ್ಸ್ ಬಲೆನೊ ಕಾರಿನ ತಳಹದಿಯ ಮೇಲೆಯೇ ಕಟ್ಟಿದ ವಾಹನ. ಬಲೆನೊದ ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್, ಫ್ರಾಂಕ್ಸ್‌ನದು 190. ಕೆಸರಿನ ಗದ್ದೆ ಬದಿಯಲ್ಲಿ, ಕಾಫಿ ತೋಟದ ಕಚ್ಚಾ ರಸ್ತೆಯಲ್ಲಿ ನಾಲ್ಕೂ ಚಕ್ರ ಒಟ್ಟಿಗೆ ಎಳೆಯಬೇಕಾದವರಿಗೆ ಈ ವಾಹನಗಳು ನೆರವಾಗುವುದು ಅಷ್ಟಕ್ಕಷ್ಟೆ. ಉಳಿದವರು ಇಲ್ಲಿ ಹಣ ಕೊಟ್ಟು ಕೊಳ್ಳುತ್ತಿರುವುದು ಮುಖ್ಯವಾಗಿ ಎರಡು ಸೆಂಟಿಮೀಟರ್ ಎತ್ತರ.

ಆ ಎತ್ತರಕ್ಕೆ ಜನ ಆಸೆಪಟ್ಟರೆ ತಪ್ಪೇನಿಲ್ಲ. ರಸ್ತೆಯುಬ್ಬು ಹೇಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ನುಣ್ಣಗೆ ಏರಿ ನುಣ್ಣಗೆ ಇಳಿಯುವ ದುಂಡನೆಯ ಉಬ್ಬು. ಕರ್ನಾಟಕದ ಬಡಾವಣೆಗಳಲ್ಲಿ, ಹಳ್ಳಿಗಳ ಬಾಗಿಲಲ್ಲಿ ಊರಿನವರೇ ಡಾಂಬರು ಸುರಿದು ಎಬ್ಬಿಸಿದ ಗೋಡೆಯಂಥ ಹಂಪ್‌ಗಳಿಗೆ ಈ ಅಳತೆಯ ಗೊಡವೆಯೇ ಇಲ್ಲ. ಅಪ್ಪ-ಅಮ್ಮನನ್ನು ಹಿಂದೆ ಕೂರಿಸಿಕೊಂಡು ತಳ ಉಜ್ಜಿಸುತ್ತಾ ಹೋಗುವುದು ಯಾರಿಗೂ ಬೇಡ. ವಯಸ್ಸಾದವರಿಗೆ ಮಂಡಿ ಬಗ್ಗಿಸದೆ ಹತ್ತಿ ಇಳಿಯುವ ಸೀಟು ಬೇಕು. ಆಸೆಯ ಹಿಂದೆ ನಿಜವಾದ ಅಗತ್ಯವಿದೆ. ಆದರೆ ಆ ಅಗತ್ಯಕ್ಕೆ ತಾನು ಒಟ್ಟು ಎಷ್ಟು ತೆರುತ್ತಿದ್ದೇನೆ ಎಂಬುದು ಕೊಳ್ಳುವವನಿಗೆ ಗೊತ್ತಾಗದಂತೆ ಇಡೀ ವ್ಯವಹಾರ ನಡೆಯುತ್ತದೆ. ಅದು ಬದಲಾಗಬೇಕು.

ಲೆಕ್ಕ ತೆರಿಗೆಯಿಂದ ಶುರುವಾಗಲಿ. ಎಕ್ಸ್‌ಶೋರೂಂ ಬೆಲೆ 12 ಲಕ್ಷ ರೂಪಾಯಿ, ಉದ್ದ ನಾಲ್ಕು ಮೀಟರಿಗಿಂತ ಹೆಚ್ಚು. ಅಂಥದೊಂದು ಕಾರನ್ನು ಎದುರಿಗಿಟ್ಟುಕೊಂಡರೆ ಅದರ ಮೇಲಿನ ಜಿಎಸ್‌ಟಿ ಶೇ 40. ಅಂದರೆ ಕಾರಿನ ಮೂಲ ಬೆಲೆ 8 ಲಕ್ಷ 57 ಸಾವಿರ. 3 ಲಕ್ಷ 43 ಸಾವಿರ ತೆರಿಗೆ. ಆ ತೆರಿಗೆಯೂ ಸೇರಿದ 12 ಲಕ್ಷದ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ ಶೇ 17, ಅಂದರೆ 2 ಲಕ್ಷ 4 ಸಾವಿರ. ಅದರ ಮೇಲೆ ಸೆಸ್ ಬೇರೆ. ವಿಮೆ, ನೋಂದಣಿ ಇನ್ನೂ ಬಂದಿಲ್ಲ. ಎಂಟೂವರೆ ಲಕ್ಷದ ವಸ್ತುವಿಗೆ ಐದೂವರೆ ಲಕ್ಷದಷ್ಟು ತೆರಿಗೆ. ದೇಶದಲ್ಲಿ ಅತಿ ಹೆಚ್ಚು ರಸ್ತೆ ತೆರಿಗೆ ವಸೂಲಿ ಮಾಡುವ ರಾಜ್ಯಗಳಲ್ಲಿ ಕರ್ನಾಟಕ ಒಂದು. ಹಂಪ್‌ಗೆ ಹೆದರಿ ಎತ್ತರದ ಕಾರು ಕೊಳ್ಳುವವನು ಅದೇ ರಸ್ತೆಯ ಹೆಸರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಣವನ್ನು ಮುಂಗಡವಾಗಿ ಕಟ್ಟುತ್ತಾನೆ. ಇದನ್ನು ಪ್ರಶ್ನಿಸುವ ಹಕ್ಕು ಅವನಿಗೆ ಖಂಡಿತ ಇದೆ.

ನಾಲ್ಕು ಮೀಟರಿನ ಗೆರೆಗೂ ಒಂದು ಇತಿಹಾಸವಿದೆ. 2006ರ ಕೇಂದ್ರ ಬಜೆಟ್‌ನಲ್ಲಿ ಪಿ. ಚಿದಂಬರಂ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ನಾಲ್ಕು ಸಾವಿರ ಮಿಲಿಮೀಟರ್ ಮೀರದ ಉದ್ದ, 1,200 ಸಿಸಿ ಮೀರದ ಪೆಟ್ರೋಲ್ ಎಂಜಿನ್ ಅಥವಾ 1,500 ಸಿಸಿ ಮೀರದ ಡೀಸೆಲ್ ಎಂಜಿನ್ ಎಂಬುದು ಷರತ್ತು. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ ವಿಟಾರಾ ಬ್ರೆಝಾ, 2017ರಲ್ಲಿ ನೆಕ್ಸಾನ್, 2019ರಲ್ಲಿ ವೆನ್ಯೂ ಹೀಗೆ ಸಾಲಾಗಿ ಬಂದವೆಲ್ಲ ಈ ಗೆರೆಯ ಒಳಗೆ ಬರುವಂತೆ ಮೈ ಮೊಟಕು ಮಾಡಿಕೊಂಡ ವಾಹನಗಳು. ಹಿಂದಿನ ಡಿಕ್ಕಿ ಚಿಕ್ಕದಾಗಿದ್ದರೆ ಅದಕ್ಕೆ ಈ ತೆರಿಗೆಯೂ ಒಂದು ಕಾರಣ. ಜಿಎಸ್‌ಟಿ ಬಂದ ಮೇಲೂ ಗೆರೆ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿನವಕ್ಕೆ ಶೇ 18, ಹೊರಗಿನವಕ್ಕೆ ಶೇ 40. ಅದಕ್ಕೂ ಮೊದಲು ಕ್ರೆಟಾದಂಥ ಒಂದೂವರೆ ಲೀಟರ್ ಎಂಜಿನ್ನಿನ ವಾಹನಕ್ಕೆ ಸೆಸ್ ಸೇರಿ ಶೇ 45 ಇತ್ತು. ಎಸ್‌ಯುವಿಗಳಿಗೆಂದೇ ಇದ್ದ ಶೇ 50ರ ದರ ಅದಕ್ಕೆ ತಗಲುತ್ತಿರಲಿಲ್ಲ, ಏಕೆಂದರೆ ಅದರ ಎಂಜಿನ್ 1,500 ಸಿಸಿಯ ಒಳಗೇ ಇತ್ತು.

ಹೀಗೆ ಕಂಪನಿಗಳು ತೆರಿಗೆಯ ಗೆರೆ ನೋಡಿ ಕಾರು ಕಟ್ಟುತ್ತವೆ. ಕೊಳ್ಳುವವನೂ ಗೆರೆ ನೋಡಿಯೇ ಮಾಡೆಲ್ ಆರಿಸಬೇಕು. ಕರ್ನಾಟಕದಲ್ಲಿ 5ರಿಂದ 10 ಲಕ್ಷದವರೆಗಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ 14. ಹತ್ತು ಲಕ್ಷ ದಾಟಿದರೆ 17. ಇಪ್ಪತ್ತು ದಾಟಿದರೆ 18. ಆದಾಯ ತೆರಿಗೆಯಲ್ಲಾದರೆ ಮಿತಿ ದಾಟಿದ ಮೊತ್ತಕ್ಕೆ ಮಾತ್ರ ಹೆಚ್ಚಿನ ದರ. ಇಲ್ಲಿ ಇಡೀ ಬೆಲೆಗೆ ಅನ್ವಯ. 9 ಲಕ್ಷ 90 ಸಾವಿರದ ಮಾಡೆಲ್‌ಗೆ 1 ಲಕ್ಷ 38 ಸಾವಿರದ 600 ತೆರಿಗೆ. 10 ಲಕ್ಷ 10 ಸಾವಿರದ ಮಾಡೆಲ್‌ಗೆ 1 ಲಕ್ಷ 71 ಸಾವಿರದ 700. ಬೆಲೆಯಲ್ಲಿ ಇಪ್ಪತ್ತು ಸಾವಿರದ ವ್ಯತ್ಯಾಸ, ತೆರಿಗೆಯಲ್ಲಿ ಮೂವತ್ತಮೂರು ಸಾವಿರದ್ದು. ಹತ್ತು ಲಕ್ಷ ದಾಟಿದ ಕಾರಿಗೆ ಶೇ 1ರಷ್ಟು ಟಿಸಿಎಸ್ (ಮಾರುವಾಗಲೇ ಸಂಗ್ರಹಿಸುವ ಆದಾಯ ತೆರಿಗೆ) ಕೂಡ ವಸೂಲಾಗುತ್ತದೆ. ಅದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಕೇಳಿ ವಾಪಸ್ ಪಡೆಯಬಹುದಾದ ಹಣ. ಇಷ್ಟನ್ನು ಷೋರೂಮಿನಲ್ಲಿ ಎಷ್ಟು ಜನಕ್ಕೆ ಬಿಡಿಸಿ ಹೇಳುತ್ತಾರೆ? ಸನ್‌ರೂಫ್ ಇರುವ ಮೇಲಿನ ಮಾಡೆಲ್‌ಗೆ ‘ಇನ್ನು ಇಪ್ಪತ್ತೇ ಸಾವಿರ ಸರ್’ ಎಂಬ ಮಾತು ಕಿವಿಗೆ ಬೀಳುವ ಹೊತ್ತಿಗೆ ಈ ಗುಣಾಕಾರ ತಲೆಯಲ್ಲಿರಬೇಕು.

ಚೌಕಾಶಿಯ ವಿಷಯ. ಕೊಳ್ಳಲು ಬಂದವರು ಸಾಮಾನ್ಯವಾಗಿ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: ‘ಎಷ್ಟು ಬಿಡ್ತೀರಿ?’ ಸೇಲ್ಸ್‌ನವರು ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದು ಒಂದು ಮೊತ್ತ ಹೇಳುತ್ತಾರೆ, ಇಷ್ಟು ಯಾರಿಗೂ ಕೊಟ್ಟಿಲ್ಲ ಮೇಡಂ ಎನ್ನುತ್ತಾರೆ, ಕೈ ಕುಲುಕಿಯಾಗುತ್ತದೆ. ರಿಯಾಯಿತಿ ಸಿಕ್ಕಿತೆಂಬ ಸಮಾಧಾನದಲ್ಲಿ ಆನ್‌ರೋಡ್ ಚೀಟಿಯ ಉಳಿದ ಸಾಲುಗಳನ್ನು ಯಾರೂ ಓದುವುದಿಲ್ಲ. ಬಿಟ್ಟ ಹಣ ಮತ್ತೆ ಬಂದು ಸೇರುವುದು ಆ ಸಾಲುಗಳಲ್ಲೇ.

ಮೊದಲ ಸಾಲು ಹ್ಯಾಂಡ್ಲಿಂಗ್ ಚಾರ್ಜ್ ಅಥವಾ ಲಾಜಿಸ್ಟಿಕ್ಸ್. ಕಾರ್ಖಾನೆಯಿಂದ ಷೋರೂಮಿಗೆ ಕಾರು ತಂದ ಸಾಗಣೆ ವೆಚ್ಚ ಎಕ್ಸ್‌ಶೋರೂಂ ಬೆಲೆಯಲ್ಲೇ ಸೇರಿರುತ್ತದೆ. ಹಾಗಿದ್ದ ಮೇಲೆ ಈ ಸಾಲು ಯಾವ ಸೇವೆಗೆ ಎಂದು ಲಿಖಿತವಾಗಿ ಕೇಳಿದರೆ ಹಲವು ಸಲ ಅದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಎರಡನೆಯದು ಆಕ್ಸೆಸರೀಸ್ ಕಿಟ್: ಮ್ಯಾಟ್, ಮಡ್‌ಫ್ಲಾಪ್, ಸೀಟ್ ಕವರ್, ಬಾಡಿ ಕವರ್. ಕಂಪನಿ ಪ್ಯಾಕೇಜ್ ಎಂದು ಹೇಳಿದರೂ ಅದನ್ನು ಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಇದೇ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿ ಬಂದವರು ಈ ಸಾಲಿನಲ್ಲೇ ಸಾಕಷ್ಟು ಉಳಿಸುತ್ತಾರೆ. ನಂಬರ್ ಪ್ಲೇಟಿಗೆ ಬೇರೆ ಹಣ ಹಾಕಿದ್ದರೆ ಅದನ್ನೂ ಪ್ರಶ್ನಿಸಬೇಕು. 2019ರ ಏಪ್ರಿಲ್ ನಂತರ ತಯಾರಾದ ವಾಹನಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್, ಒದಗಿಸುವ ಹೊಣೆ ತಯಾರಕರದ್ದೇ.

ದೊಡ್ಡ ಹಣ ಇರುವುದು ವಿಮೆಯ ಸಾಲಿನಲ್ಲಿ. ಅದರಲ್ಲಿ ಎರಡು ಭಾಗ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಅದರ ದರ ಸರ್ಕಾರ ನಿಗದಿ ಮಾಡಿದ್ದು. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯ ಪ್ರಕಾರ 1,000ದಿಂದ 1,500 ಸಿಸಿ ನಡುವಿನ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಯಾವ ಕಂಪನಿಯಲ್ಲಿ ಮಾಡಿಸಿದರೂ ಇದು ಬದಲಾಗದು. ಇನ್ನೊಂದು ಭಾಗ, ಕಾರಿನ ಸ್ವಂತ ಹಾನಿಯ ವಿಮೆ, ಪೂರ್ತಿ ಮಾರುಕಟ್ಟೆಯ ಲೆಕ್ಕ. ಕಂಪನಿಯಿಂದ ಕಂಪನಿಗೆ ಸಾವಿರಗಟ್ಟಲೆ ವ್ಯತ್ಯಾಸ. ವಿಮೆಯನ್ನು ಎಲ್ಲಿ ಬೇಕಾದರೂ ಮಾಡಿಸುವ ಹಕ್ಕು ಗ್ರಾಹಕನದು. ‘ಇಲ್ಲಿ ಮಾಡಿಸಿದರೆ ಮಾತ್ರ ಡಿಸ್ಕೌಂಟ್’ ಎಂಬ ಮಾತು ಬಂದರೆ ಹೊರಗಿನ ದರಪಟ್ಟಿಯನ್ನು ಮೇಜಿನ ಮೇಲಿಟ್ಟು ಎರಡನ್ನೂ ಕೂಡಿ ಕಳೆದು ನೋಡಬೇಕು. ಹೋಲಿಸುವಾಗ ಐಡಿವಿ, ಅಂದರೆ ವಿಮಾ ಕಂಪನಿ ಒಪ್ಪಿದ ಕಾರಿನ ಮೌಲ್ಯ, ಒಂದೇ ಇರಲಿ. ಹೊಸ ಕಾರಿನ ಐಡಿವಿ ಎಕ್ಸ್‌ಶೋರೂಂ ಬೆಲೆಯ ಶೇ 95ರಷ್ಟಿರುತ್ತದೆ. ಅದನ್ನು ತಗ್ಗಿಸಿ ಪ್ರೀಮಿಯಂ ಕಡಿಮೆ ತೋರಿಸಿದರೆ ಕಾರು ಕಳುವಾದ ದಿನ ನಷ್ಟ ಅನುಭವಿಸುವವನು ಮಾಲೀಕನೇ.

ಕ್ರಾಸ್‌ಓವರ್ ಕೊಳ್ಳುವವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. ಎತ್ತರದ ಕಾರು ನೀರಿನಲ್ಲೂ ಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. 2022ರ ಸೆಪ್ಟೆಂಬರ್‌ನ ಮಳೆಗೆ ಬೆಂಗಳೂರಿನ ಯಮಲೂರು, ಬೆಳ್ಳಂದೂರು, ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿದಾಗ ಎತ್ತರದ ಕಾರುಗಳೂ ನೀರಿನಲ್ಲಿ ನಿಂತಿದ್ದವು. ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಎಂಜಿನ್ನಿನೊಳಗೆ ಸೇರಿದ ನೀರು ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಈ ಹಾನಿಗೆ ಹಣ ಸಿಗುವುದು ಕಷ್ಟ, ಅದಕ್ಕೆಂದೇ ಎಂಜಿನ್ ಪ್ರೊಟೆಕ್ಟ್ ಎಂಬ ಪ್ರತ್ಯೇಕ ರಕ್ಷಣೆ ಇದೆ. ನಗರದಲ್ಲಿ, ಕರಾವಳಿಯಲ್ಲಿ ಓಡುವ ಕಾರಿಗೆ ಟೆಫ್ಲಾನ್ ಕೋಟಿಂಗ್ ಬಿಟ್ಟು ಇದಕ್ಕೆ ಹಣ ಹಾಕುವುದು ಒಳ್ಳೆಯದು.

ರಿಯಾಯಿತಿ ಕೊಡಲು ಡೀಲರ್‌ಗೆ ಕಂಪನಿ ಬಿಡುವುದಿಲ್ಲ ಎಂಬ ಮಾತನ್ನು ಗ್ರಾಹಕರು ಮೊದಲಿನಿಂದಲೂ ಕೇಳಿಸಿಕೊಂಡು ಬಂದಿದ್ದಾರೆ. ಅದರಲ್ಲಿ ಸತ್ಯಾಂಶ ಇತ್ತೆಂದು ಭಾರತೀಯ ಸ್ಪರ್ಧಾ ಆಯೋಗದ ಆದೇಶವೇ ಹೇಳುತ್ತದೆ. ಡೀಲರ್‌ಗಳು ನಿಗದಿಗಿಂತ ಹೆಚ್ಚು ರಿಯಾಯಿತಿ ಕೊಡದಂತೆ ತಡೆದದ್ದಕ್ಕೆ, ಗ್ರಾಹಕರ ವೇಷದಲ್ಲಿ ಜನರನ್ನು ಕಳಿಸಿ ತಪಾಸಣೆ ಮಾಡಿಸಿದ್ದಕ್ಕೆ 2021ರ ಆಗಸ್ಟ್‌ನಲ್ಲಿ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. 2017ರಲ್ಲಿ ಹ್ಯುಂಡೈಗೆ ಹಾಕಿದ್ದ 87 ಕೋಟಿ ದಂಡವನ್ನು ಮೇಲ್ಮನವಿ ನ್ಯಾಯಮಂಡಳಿ ಮರುವರ್ಷ ರದ್ದು ಮಾಡಿತ್ತು. ಮೊಕದ್ದಮೆಗಳ ಗತಿ ಏನೇ ಇರಲಿ, ಒಂದು ಊರಿನ ಇಬ್ಬರು ಡೀಲರ್‌ಗಳು ಪೈಪೋಟಿ ಮಾಡಿ ಬೆಲೆ ಇಳಿಸುವುದು ಗ್ರಾಹಕನಿಗೆ ನ್ಯಾಯವಾಗಿ ಸಿಗಬೇಕಾದ ಲಾಭ. ಆದ್ದರಿಂದ ಒಂದೇ ಕಂಪನಿಯ ಎರಡು ಬೇರೆ ಷೋರೂಮುಗಳಲ್ಲಿ, ಸಾಧ್ಯವಾದರೆ ಪಕ್ಕದ ಜಿಲ್ಲೆಯಲ್ಲೂ, ಕೊಟೇಷನ್ ಪಡೆಯಲು ಸಂಕೋಚ ಬೇಡ.

ಕೇಳುವ ಕಾಲವೂ ಮುಖ್ಯ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಇಲ್ಲಿ ವಾಹನ ಕೊಳ್ಳುವವರು ಕಡಿಮೆ, ಆಯುಧಪೂಜೆಗೆ ಸರದಿ. ಆಷಾಢದಲ್ಲಿ ಮಾತಾಡಿ ಬುಕ್ ಮಾಡಿ ಶ್ರಾವಣದಲ್ಲಿ ಮನೆಗೆ ತಂದರೆ ಹಿರಿಯರ ಮನಸ್ಸೂ ಉಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ದಾಸ್ತಾನಿನ ಸುದ್ದಿಯನ್ನು ಪತ್ರಿಕೆಯಲ್ಲಿ ಗಮನಿಸಬೇಕು: 2024ರ ಸೆಪ್ಟೆಂಬರ್‌ನಲ್ಲಿ ಡೀಲರ್‌ಗಳ ಒಕ್ಕೂಟ ಫಾಡಾ ಹೇಳಿದಂತೆ ಷೋರೂಮುಗಳಲ್ಲಿ 80–85 ದಿನಗಳ ಮಾರಾಟಕ್ಕೆ ಸಾಲುವಷ್ಟು ಕಾರುಗಳು, ಸುಮಾರು 79 ಸಾವಿರ ಕೋಟಿ ರೂಪಾಯಿ ಮೌಲ್ಯದವು, ನಿಂತಿದ್ದವು. ನಿಂತ ಕಾರಿಗೆ ಡೀಲರ್ ದಿನವೂ ಬಡ್ಡಿ ಕಟ್ಟುತ್ತಾನೆ. ಅಂಥ ತಿಂಗಳಲ್ಲಿ ಗ್ರಾಹಕನ ಮಾತಿಗೆ ತೂಕ ಜಾಸ್ತಿ. ಆದರೆ ಡಿಸೆಂಬರ್, ಜನವರಿಯ ದೊಡ್ಡ ರಿಯಾಯಿತಿಯನ್ನು ಒಪ್ಪುವ ಮೊದಲು ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷ ಏನಿದೆ ಎಂದು ನೋಡಿಕೊಳ್ಳಬೇಕು. ಮುಂದೆ ಮಾರುವಾಗ ಬೆಲೆ ನಿರ್ಧಾರವಾಗುವುದು ತಯಾರಾದ ವರ್ಷದ ಮೇಲೆ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಹಳೆ ವರ್ಷದ ಕಾರು ಲಾಭವೇ. ಮೂರು ವರ್ಷಕ್ಕೆ ಬದಲಿಸುವವರಿಗೆ ಅಲ್ಲ.

ರಿಯಾಯಿತಿಯನ್ನೆಲ್ಲ ನುಂಗಿಹಾಕುವ ಇನ್ನೊಂದು ಮಾತು ಮೆಲ್ಲಗೆ ಬರುತ್ತದೆ: ‘ತಿಂಗಳಿಗೆ ಎಷ್ಟು ಕಟ್ಟಬಹುದು ಸರ್?’ ಇಲ್ಲಿಂದ ಮಾತು ಬೆಲೆಯಿಂದ ಇಎಂಐಗೆ ಜಾರುತ್ತದೆ. ಹತ್ತು ಲಕ್ಷ ಸಾಲಕ್ಕೆ ಶೇ 9ರ ಬಡ್ಡಿಯಲ್ಲಿ ಐದು ವರ್ಷದ ಕಂತು 20,758 ರೂಪಾಯಿ. ಏಳು ವರ್ಷಕ್ಕೆ 16,089. ನಾಲ್ಕೂವರೆ ಸಾವಿರ ಕಡಿಮೆಯಾಯಿತೆಂದು ಮನಸ್ಸು ಒಪ್ಪುತ್ತದೆ. ಒಟ್ಟು ಬಡ್ಡಿ ಎರಡೂವರೆ ಲಕ್ಷದಿಂದ ಮೂರೂವರೆ ಲಕ್ಷಕ್ಕೆ ಏರಿರುತ್ತದೆ. ಷೋರೂಮಿನಲ್ಲಿ ಗಂಟೆಗಟ್ಟಲೆ ಗುದ್ದಾಡಿ ಪಡೆದ ಯಾವ ರಿಯಾಯಿತಿಯೂ ಒಂದು ಲಕ್ಷ ಮುಟ್ಟುವುದು ಅಪರೂಪ.

ಇಟ್ಟುಕೊಳ್ಳುವ ಖರ್ಚು ಎಂಜಿನ್, ಗೇರ್‌ಬಾಕ್ಸ್ ಆರಿಸುವ ದಿನವೇ ಅರ್ಧ ತೀರ್ಮಾನವಾಗಿರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್–6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಫಿಲ್ಟರ್ ಇದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಬೇಕು. ಹುಬ್ಬಳ್ಳಿಯಿಂದ ಬೆಳಗಾವಿಗೆ ವಾರಕ್ಕೆರಡು ಸಲ ಹೋಗಿಬರುವವರಿಗೆ ಡೀಸೆಲ್ ಸರಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟಿ ಆರು ಕಿಲೋಮೀಟರ್ ಆಫೀಸಿಗೆ ತೆವಳುವವರ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ದೀಪ ಹತ್ತುತ್ತದೆ, ಸರ್ವಿಸ್ ಸೆಂಟರಿನ ಓಡಾಟ ಶುರುವಾಗುತ್ತದೆ. ಒಣ ಕ್ಲಚ್ ಇರುವ ಡಿಸಿಟಿ (ಜೋಡಿ ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಕೂಡ ಇಂಥ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತದೆ. ಟೆಸ್ಟ್ ಡ್ರೈವನ್ನು ಭಾನುವಾರ ಬೆಳಗಿನ ಖಾಲಿ ರಸ್ತೆಯಲ್ಲಿ ಮಾಡದೆ ಸಂಜೆ ಆರೂವರೆಗೆ, ಮನೆಯವರನ್ನೆಲ್ಲ ಕೂರಿಸಿಕೊಂಡು ಮಾಡುವುದು ಮೇಲು.

ನಿಂತು ನಿಂತು ಹೋಗುವ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ್ದು ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಗಾಡಿ ಎಳೆಯುವ ಸ್ಟ್ರಾಂಗ್ ಹೈಬ್ರಿಡ್. ಅದು ತಯಾರಾಗುವುದು ನಮ್ಮ ಬಿಡದಿಯಲ್ಲೇ. 2022ರಲ್ಲಿ ಬಂದ ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ಆ ಕಾರ್ಖಾನೆಯಿಂದ ಹೊರಬಿದ್ದವು. ಅಧಿಕೃತ ಪರೀಕ್ಷೆಯಲ್ಲಿ ಲೀಟರಿಗೆ 27.97 ಕಿಲೋಮೀಟರ್. ರಸ್ತೆಯಲ್ಲಿ ಅಷ್ಟು ಬರದಿದ್ದರೂ ನಗರದಲ್ಲಿ ಉಳಿತಾಯ ದೊಡ್ಡದು. ಕೊಳ್ಳುವಾಗ ಹೆಚ್ಚಿಗೆ ಕೊಟ್ಟ ಹಣ ತೀರಲು ಎಷ್ಟು ವರ್ಷ ಬೇಕು ಎಂಬುದನ್ನು ಅವರವರ ಓಡಾಟವೇ ಹೇಳಬೇಕು. ವರ್ಷಕ್ಕೆ 12 ಸಾವಿರ ಕಿಲೋಮೀಟರ್ ಓಡಿಸುವವರು, ಲೀಟರಿಗೆ 12 ಕಿಲೋಮೀಟರ್ ಕೊಡುವ ಕಾರಿಗೆ ಸಾವಿರ ಲೀಟರ್ ಹಾಕಿಸುತ್ತಾರೆ. ಇಪ್ಪತ್ತು ಕೊಡುವ ಕಾರಿಗೆ ಆರುನೂರು ಲೀಟರ್ ಸಾಕು.

ಸರ್ವಿಸ್ ವಿಷಯದಲ್ಲಿ ಮಾಲೀಕರು ಓದಬೇಕಾದ ಪುಸ್ತಕ ಕಾರಿನ ಗ್ಲೋವ್ ಬಾಕ್ಸಿನಲ್ಲೇ ಇರುತ್ತದೆ. ಎಷ್ಟು ಕಿಲೋಮೀಟರಿಗೆ ಆಯಿಲ್, ಯಾವಾಗ ಬ್ರೇಕ್ ಫ್ಲೂಯಿಡ್, ಯಾವಾಗ ಕೂಲಂಟ್ ಎಂಬುದು ಅಲ್ಲಿ ಪಟ್ಟಿಯಾಗಿದೆ. ‘ಫ್ರೀ ಸರ್ವಿಸ್’ ಎಂದರೆ ಕೂಲಿ ಮಾತ್ರ ಪುಕ್ಕಟೆ, ಆಯಿಲ್ ಮತ್ತು ಫಿಲ್ಟರ್‌ಗೆ ಹಣ ಕೊಡಬೇಕು. ಪಟ್ಟಿಯಲ್ಲಿಲ್ಲದ ಎಸಿ ಕ್ಲೀನಿಂಗ್, ಎಂಜಿನ್ ಡಿಕಾರ್ಬನೈಸಿಂಗ್‌ಗಳನ್ನು ಹೊಸ ಗಾಡಿಗೆ ಬೇಡ ಎನ್ನಬಹುದು. ಊರಿಗೆ ತಕ್ಕಂತೆ ಇನ್ನೂ ಒಂದೆರಡು ಸೇರುತ್ತವೆ. ಕಾರವಾರ, ಮಂಗಳೂರಿನ ಉಪ್ಪುಗಾಳಿಗೆ ತಳದ ಲೇಪನ ನಿಜಕ್ಕೂ ಉಪಯುಕ್ತ. ಬಳ್ಳಾರಿಯ ಕೆಂಪು ಧೂಳಿಗೆ ಏರ್ ಫಿಲ್ಟರ್ ಪುಸ್ತಕ ಹೇಳಿದ್ದಕ್ಕಿಂತ ಬೇಗ ಬದಲಾಗಬೇಕು. ಶಿರಾಡಿ, ಚಾರ್ಮಾಡಿ ಇಳಿಯುವವರು ಸಣ್ಣ ಗೇರಿನಲ್ಲಿ ಇಳಿದರೆ ಬ್ರೇಕ್ ಪ್ಯಾಡ್ ಬಾಳುತ್ತದೆ. ದೊಡ್ಡ ರಿಮ್ ಇರುವ ಮೇಲಿನ ಮಾಡೆಲ್‌ನ ಟೈರಿಗೆ ಬೆಲೆ ಹೆಚ್ಚೆಂಬುದನ್ನು ಕೊಳ್ಳುವಾಗ ಯಾರೂ ಹೇಳುವುದಿಲ್ಲ.

ಬಿಡಿಭಾಗಗಳಿಗಾಗಿ ಮಾಲೀಕರನ್ನು ಕಂಪನಿಯ ಸರ್ವಿಸ್ ಸೆಂಟರಿಗೇ ಕಟ್ಟಿಹಾಕುವ ಪದ್ಧತಿಯ ವಿರುದ್ಧ 2014ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಪ್ರಕರಣ ಮೇಲಿನ ಹಂತಗಳಿಗೆ ಹೋಯಿತು. ಆದರೆ ಪಕ್ಕದ ಬೀದಿಯ ನುರಿತ ಮೆಕ್ಯಾನಿಕ್‌ಗೂ ಅಸಲಿ ಬಿಡಿಭಾಗ ಸಿಗಬೇಕು ಎಂಬ ವಾದ ಅಲ್ಲಿಂದ ಗಟ್ಟಿಯಾಯಿತು. ಕಂಪನಿಯೇ ದೇಶ ಬಿಟ್ಟರೆ ಈ ವಾದ ಇನ್ನೂ ಮುಖ್ಯವಾಗುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ, ಈ ವರ್ಗಕ್ಕೆ ಜನಪ್ರಿಯತೆ ತಂದ ಇಕೋಸ್ಪೋರ್ಟ್‌ನ ಮಾಲೀಕರು ಮಾರುವ ಬೆಲೆಯ ಚಿಂತೆಗೆ ಬಿದ್ದರು.

ಇಷ್ಟೆಲ್ಲ ಲೆಕ್ಕವನ್ನು ಒಬ್ಬ ಶಿಕ್ಷಕಿ, ಒಬ್ಬ ಅಡಿಕೆ ಬೆಳೆಗಾರ, ಒಬ್ಬ ಬ್ಯಾಂಕ್ ನೌಕರ ತಾವೇ ಕೂತು ಮಾಡಿಕೊಳ್ಳಲಿ ಎಂದು ಬಿಡುವುದು ಸರಿಯಲ್ಲ. ಮನೆ ಬಿಟ್ಟರೆ ಬದುಕಿನ ಅತಿ ದೊಡ್ಡ ಖರೀದಿ ಇದು. ಡೀಲರ್‌ಗೆ ಟ್ರೇಡ್ ಸರ್ಟಿಫಿಕೇಟ್ ಕೊಡುವುದು ಆರ್‌ಟಿಒ. ಪ್ರತಿ ಕಾರಿನಿಂದ ಲಕ್ಷಗಟ್ಟಲೆ ತೆರಿಗೆ ಪಡೆಯುವುದು ರಾಜ್ಯ ಸರ್ಕಾರ. ಬುಕಿಂಗ್ ಹಣ ಮುಟ್ಟುವ ಮೊದಲೇ ಕನ್ನಡದಲ್ಲಿ ಮುದ್ರಿಸಿದ ಒಂದು ಪುಟದ ಬೆಲೆಪಟ್ಟಿ ಗ್ರಾಹಕನ ಕೈಗೆ ಬರಬೇಕೆಂದು ಸಾರಿಗೆ ಇಲಾಖೆ ಆದೇಶಿಸಲಿ. ಸರ್ಕಾರಕ್ಕೆ ಹೋಗುವ ಹಣ ಎಷ್ಟು, ವಿಮಾ ಕಂಪನಿಗೆ ಎಷ್ಟು, ಡೀಲರ್‌ಗೆ ಎಷ್ಟು ಎಂದು ಮೂರು ಅಂಕಣ ಇರಲಿ. ಕಡ್ಡಾಯವಲ್ಲದ ಸಾಲಿನ ಮುಂದೆ ಕಡ್ಡಾಯವಲ್ಲ ಎಂದೇ ಬರೆದಿರಲಿ. ಇದಕ್ಕೆ ಹೊಸ ತಂತ್ರಜ್ಞಾನವೂ ಬೇಡ, ಹೊಸ ಹುದ್ದೆಯೂ ಬೇಡ.

ಅಲ್ಲಿಯವರೆಗೆ ಕೊಳ್ಳುವವರು ಲೆಟರ್‌ಹೆಡ್ಡಿನ ಮೇಲೆ ಸಹಿ, ಮೊಹರು ಇರುವ ಪೂರ್ತಿ ಕೊಟೇಷನ್ ಪಡೆಯದೆ ಮುಂಗಡ ಕೊಡಬಾರದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಾತನ್ನೂ ಅಳಿಸದೆ ಇಟ್ಟುಕೊಳ್ಳಬೇಕು. 50 ಲಕ್ಷ ರೂಪಾಯಿವರೆಗಿನ ಖರೀದಿಯ ವ್ಯಾಜ್ಯಗಳನ್ನು ಜಿಲ್ಲಾ ಗ್ರಾಹಕ ಆಯೋಗವೇ ಕೇಳುತ್ತದೆ, ವಕೀಲರಿಲ್ಲದೆಯೂ ದೂರು ಕೊಡಬಹುದು. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಎರಡೂ ಕಡೆ ಮೊದಲು ಕೇಳುವುದು ಆ ಕಾಗದವನ್ನೇ.